ಉಪಗ್ರಹಕ್ಕೂ ನಾಡಿ ನೋಡುತ್ತಾರೆ!

ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿ ಓಡಾಡಿದವರು ಆಕಾಶಕ್ಕೆ ಮುಖ ಮಾಡಿ ನಿಂತ ಆ ಭಾರಿ ತಟ್ಟೆಗಳನ್ನು ನೋಡಿಯೇ ಇರುತ್ತೀರಿ. 1982ರಲ್ಲಿ ಶುರುವಾದ ಇಸ್ರೋ ಕೇಂದ್ರ ಅದು. ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳ ಯೋಗಕ್ಷೇಮ ನೋಡಿಕೊಳ್ಳುವುದು ಅದರ ಕೆಲಸ.

ಅಷ್ಟು ದೂರದ ವಸ್ತುವಿಗೆ ಮೈ ಸರಿಯಿಲ್ಲವೆಂದು ಇವರಿಗೆ ಹೇಗಪ್ಪ ತಿಳಿಯುತ್ತೆ? ಕಂಪ್ಯೂಟರ್ ಓದಿದ ನಮ್ಮ ಅಕ್ಕನ ಮಗಳು ರಜಕ್ಕೆ ಬಂದಾಗ, ಅವರೆಕಾಯಿ ಸುಲಿಯುತ್ತಾ ಕೇಳಿದೆ. "ಅದೇ ಹೇಳುತ್ತೆ ಚಿಕ್ಕಮ್ಮ" ಅಂದಳು. ಬ್ಯಾಟರಿ ಎಷ್ಟು ಬಿಸಿ, ಇಂಧನದ ತೊಟ್ಟಿಯಲ್ಲಿ ಒತ್ತಡವೆಷ್ಟು, ಎಲ್ಲವನ್ನೂ ಅಂಕಿಗಳಲ್ಲಿ ಕೆಳಗೆ ಕಳಿಸುತ್ತಲೇ ಇರುತ್ತದಂತೆ. ಇದಕ್ಕೆ ಟೆಲಿಮೆಟ್ರಿ ಎಂದು ಹೆಸರು. ಪ್ರತಿ ಅಂಕಿಗೂ ಮೇಲೊಂದು ಗಡಿ, ಕೆಳಗೊಂದು ಗಡಿ. ದಾಟಿದರೆ ಎಚ್ಚರಿಕೆ.

ಆದರೆ ನೋಡಿ, ಗಡಿಯೊಳಗೇ ಇದ್ದೂ ಕೆಡುಕು ಇರಬಹುದಲ್ಲ? ಭೂಮಿಯ ನೆರಳಿಗೆ ಬಂದ ಉಪಗ್ರಹದ ಬ್ಯಾಟರಿ ಇಳಿಯುವುದು ಸಹಜ. ಬಿಸಿಲಿಗೆ ಬಂದ ಮೇಲೂ ಇಳಿಯುತ್ತಿದ್ದರೆ? ಅಂಕಿ ಸರಿಯಾಗಿಯೇ ಕಾಣುತ್ತದೆ. ಹೊತ್ತು ಮಾತ್ರ ತಪ್ಪು.

ಇದನ್ನು ಕೇಳಿದಾಗ ನನಗೆ ನಮ್ಮ ಅತ್ತೆಯವರ ನೆನಪಾಯಿತು. ಐದೂವರೆಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಜೀವ. ಹೋದ ವರ್ಷ ಎಂಟು ದಿನ ಏಳು ಗಂಟೆಯಾದರೂ ಏಳಲಿಲ್ಲ, ಎರಡನೇ ಕಾಫಿ ಕೇಳಲಿಲ್ಲ. ಬಿ.ಪಿ. ಸರಿ, ಜ್ವರ ಇಲ್ಲ. "ವಯಸ್ಸಾಯ್ತು, ನಿಂದೊಂದು ಅನುಮಾನ" ಅಂದರು ಮನೆಯವರು. ನಾನು ಬಿಡಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ, ಮೈಯಲ್ಲಿ ರಕ್ತ ತೀರಾ ಕಡಿಮೆಯಾಗಿತ್ತು!

ನಾವು ವರ್ಷಾನುಗಟ್ಟಲೆ ನೋಡಿ ಕಲಿತದ್ದನ್ನೇ ಈಗ ಯಂತ್ರಕ್ಕೂ ಕಲಿಸುತ್ತಿದ್ದಾರೆ. ಅದೇ ಕೃತಕ ಬುದ್ಧಿಮತ್ತೆ. ಅಮೆರಿಕದ ನಾಸಾಗೆ ಸೇರಿದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರು 2018ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಮಣ್ಣಿನ ತೇವ ಅಳೆಯುವ ಸ್ಮ್ಯಾಪ್ ಉಪಗ್ರಹ, ಮಂಗಳನ ಮೇಲಿರುವ ಕ್ಯೂರಿಯಾಸಿಟಿ ಬಂಡಿ, ಇವೆರಡರ ಹಳೆಯ ಅಂಕಿಗಳನ್ನು ಯಂತ್ರಕ್ಕೆ ಓದಿಸಿದರು. ರೋಗ ಅಪರೂಪವಾದ್ದರಿಂದ ಆರೋಗ್ಯವನ್ನೇ ಪಾಠವಾಗಿಟ್ಟರು. ಮಾಮೂಲು ನಡೆ ಕಲಿತ ಯಂತ್ರ ಮುಂದಿನ ಅಂಕಿ ಇಷ್ಟಿರಬೇಕೆಂದು ಊಹಿಸುತ್ತದೆ. ಬಂದ ಅಂಕಿ ಊಹೆಯಿಂದ ತೀರಾ ದೂರವಾದರೆ ಎಚ್ಚರಿಸುತ್ತದೆ. ಪರೀಕ್ಷೆಗಿಟ್ಟ 105 ತೊಂದರೆಗಳಲ್ಲಿ 43 ಇಂಥ 'ಗಡಿಯೊಳಗಿನ' ಜಾತಿಯವೇ.

ಇಲ್ಲೊಂದು ಇಕ್ಕಟ್ಟಿದೆ. ಸಣ್ಣಪುಟ್ಟದಕ್ಕೆಲ್ಲ ಕೂಗಿದರೆ ಯಾರು ಕಿವಿಗೊಡುತ್ತಾರೆ? ಮನೆಯಲ್ಲೂ ಹಾಗೇ ತಾನೇ! ದಿನಾ ಆತಂಕಪಡುವವಳು ಒಂದು ದಿನ ನಿಜ ಹೇಳಿದರೂ ಯಾರೂ ನಂಬುವುದಿಲ್ಲ. ಅದಕ್ಕೇ ಆ ವಿಜ್ಞಾನಿಗಳು ಸಣ್ಣ ಏರುಪೇರುಗಳನ್ನು ಜರಡಿ ಹಿಡಿದು ಬಿಟ್ಟುಬಿಡುವುದನ್ನೂ ಯಂತ್ರಕ್ಕೆ ಹೇಳಿಕೊಟ್ಟರು. ಸುಳ್ಳು ಕೂಗು ಬಹಳ ತಗ್ಗಿತು. ಆದರೂ 105ರಲ್ಲಿ 84 ಸಿಕ್ಕವು, 21 ತಪ್ಪಿಸಿಕೊಂಡವು. ಹಾಗಾಗಿ ಯಂತ್ರ ತೋರಿಸಿದ್ದನ್ನು ತೂಗಿ ನೋಡುವ ಮನುಷ್ಯ ಬೇಕೇ ಬೇಕು.

ಸೋದರಿಯರೇ, ಯಂತ್ರಕ್ಕೆ ಕಲಿಸಲು ವಿಜ್ಞಾನಿಗಳು ಇಷ್ಟು ಕಷ್ಟಪಡುವ ಕೆಲಸವನ್ನು ನಮ್ಮ ಮನೆಗಳಲ್ಲಿ 'ಅನುಮಾನ' ಅಂದುಬಿಡುತ್ತಾರೆ. ಅನ್ನಲಿ ಬಿಡಿ. ನಾವು ಒಂದು ಉಪಾಯ ಮಾಡೋಣ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಮನೆಮಂದಿಯ ಊಟ, ನಿದ್ದೆಯಲ್ಲಿ ಕಂಡ ವ್ಯತ್ಯಾಸ ಗುರುತು ಹಾಕಿಡಿ. ಡಾಕ್ಟರ ಮುಂದೆ "ಏನೋ ಸರಿಯಿಲ್ಲ" ಎನ್ನಬೇಡಿ. "ಐದೂವರೆಗೆ ಏಳುತ್ತಿದ್ದವರು ಎಂಟು ದಿನದಿಂದ ಏಳಕ್ಕೆ ಏಳುತ್ತಿದ್ದಾರೆ" ಎನ್ನಿ. ಆಗ ನಿಮ್ಮ ಮಾತನ್ನು ಅನುಮಾನವೆಂದು ತಳ್ಳಿಹಾಕುವುದು ಅಷ್ಟು ಸುಲಭವಲ್ಲ. ಏನಂತೀರಿ?