ನಮ್ಮ ಓಣಿಯ ಸಿಸ್ಟರ್‌ಗಳು

ಹೈದರಾಬಾದಿನಲ್ಲಿ ಕನ್ನಡ ಕೇಳಬೇಕೆಂದರೆ ಕಾಚಿಗುಡಾಕ್ಕೆ ಹೋಗಬೇಕು ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಅಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಇದೆ, ನೃಪತುಂಗ ಶಾಲೆ ಇದೆ, ರಾಜ್ಯೋತ್ಸವ ಆಗುತ್ತದೆ. ಆದರೆ ನಾನು 1987ರಲ್ಲಿ ಮದುವೆಯಾಗಿ ಬೀದರಿನಿಂದ ಬಂದು ಇಳಿದದ್ದು ಸಿಕಂದರಾಬಾದಿನ ಕಡೆ. ನಮ್ಮ ಓಣಿಯಲ್ಲಿ ತೆಲುಗಿನವರು, ತಮಿಳರು, ಎರಡು ಮಾರ್ವಾಡಿ ಮನೆ, ಮೂಲೆಯಲ್ಲೊಂದು ಇರಾನಿ ಹೋಟೆಲು. ಕನ್ನಡ ಅಂದರೆ ನಾನು, ನಮ್ಮ ಯಜಮಾನರು, ಅತ್ತೆ. ಅಷ್ಟೇ.

ನಾಲ್ಕನೆಯ ಕನ್ನಡ ದನಿ ಸಿಕ್ಕಿದ್ದು ಎಲ್ಲಿ ಗೊತ್ತೆ? ಕಾನ್ವೆಂಟಿನ ಗೇಟಿನಲ್ಲಿ! ಅತ್ತೆ ಕರಿಬೇವು ಕೇಳಲು ಹೋಗಿದ್ದರು. ಅತ್ತೆಗೆ ತೆಲುಗು ಅಷ್ಟಕ್ಕಷ್ಟೆ. ಅವರ ಬೀದರ ಕನ್ನಡ ಕೇಳಿ ಬಿಳಿ ಉಡುಪಿನ ಸಿಸ್ಟರ್ ಒಬ್ಬರು ಓಡಿ ಬಂದು, “ಎಂತ ಮಾರಾಯ್ರೆ, ನೀವು ಕನ್ನಡದವರಾ?” ಅಂದರಂತೆ. ದಕ್ಷಿಣ ಕನ್ನಡದವರು. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ. ಅತ್ತೆ ಮನೆಗೆ ಬಂದು, “ಆಕಿ ಪುಸ್ತಕ ಓದಿದಂಗ ಮಾತಾಡ್ತಾಳ, ಆದರ ಮಂದಿ ಚಲೋ” ಅಂತ ಸರ್ಟಿಫಿಕೇಟು ಕೊಟ್ಟರು. ಅಂದಿನಿಂದ ಅವರು ನಮ್ಮ ಮನೆಗೆ “ಅಕ್ಕಾರು”. ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಇಷ್ಟವಾಗಲಿಕ್ಕಿಲ್ಲ.

ಅವರು ಡೊಮಿನಿಕನ್ ಸಭೆಯವರು. ಹಾಗಂದರೆ ಏನು ಅಂತ ಆಗ ನನಗೂ ಗೊತ್ತಿರಲಿಲ್ಲ. ನಮ್ಮ ಕಡೆ ವಿರಕ್ತ ಮಠ, ಗುರುಮಠ ಅಂತೆಲ್ಲ ಇರುವ ಹಾಗೆ ಅವರಲ್ಲೂ ಹತ್ತಾರು ಪರಂಪರೆಗಳು. ಈ ಅವಳಿ ನಗರಕ್ಕೆ ಸಿಸ್ಟರ್‌ಗಳು ಹೊಸಬರೇನಲ್ಲ. ಇಟಲಿಯ ಟ್ಯೂರಿನ್ ಪಟ್ಟಣದ ಸೇಂಟ್ ಆನ್ಸ್ ಸಭೆಯವರು ಸಿಕಂದರಾಬಾದಿಗೆ ಬಂದದ್ದು 1871ರಲ್ಲಿ, ನಿಜಾಮರ ಕಾಲಕ್ಕೆ. ಡೊಮಿನಿಕನ್ನರ ಬೇರು ಇನ್ನೂ ಹಳೆಯದು. ಸ್ಪೇನಿನ ಸಂತ ಡೊಮಿನಿಕ್ 1206ರಲ್ಲಿ ದಕ್ಷಿಣ ಫ್ರಾನ್ಸಿನ ಪ್ರೂಯ್ ಎಂಬಲ್ಲಿ ಹೆಂಗಸರಿಗಾಗಿ ಒಂದು ಮಠ ಮಾಡಿದರು. ಗಂಡಸರ ಸಭೆಗೆ ಪೋಪರ ಒಪ್ಪಿಗೆ ಸಿಕ್ಕಿದ್ದು ಆಮೇಲೆ, 1216ರಲ್ಲಿ. “ನಾವೇ ಸೀನಿಯರ್” ಅಂತ ಅಕ್ಕಾರು ನಗುತ್ತಿದ್ದರು. ಇನ್ನೊಂದು ವಿಷಯವನ್ನೂ ಅವರೇ ತಿಳಿಸಿದ್ದು. ಕಟ್ಟುನಿಟ್ಟಾಗಿ ಹೇಳುವುದಾದರೆ ‘ನನ್’ ಅಂದರೆ ಮಠದ ಗೋಡೆಯೊಳಗೇ ಇದ್ದು ಪ್ರಾರ್ಥನೆಯಲ್ಲಿ ಬದುಕು ಕಳೆಯುವವರು. ಶಾಲೆ, ಆಸ್ಪತ್ರೆ ಅಂತ ಹೊರಗೆ ದುಡಿಯುವವರು ‘ಸಿಸ್ಟರ್’. ನಾವು ಎಲ್ಲರನ್ನೂ ಒಂದೇ ಹೆಸರಿನಲ್ಲಿ ಕರೆದುಬಿಡುತ್ತೇವೆ.

ಅವರ ಹಜಾರದಲ್ಲಿ ಸಂತ ಡೊಮಿನಿಕ್ಕರ ಒಂದು ಚಿತ್ರವಿತ್ತು. ಕಾಲ ಬಳಿ ನಾಯಿ, ನಾಯಿಯ ಬಾಯಲ್ಲಿ ಉರಿಯುವ ಪಂಜು. ಮಗು ಹೊಟ್ಟೆಯಲ್ಲಿದ್ದಾಗ ತಾಯಿಗೆ ಅಂಥದೊಂದು ಕನಸು ಬಿದ್ದಿತ್ತಂತೆ. ಅತ್ತೆ ಅದನ್ನು ನೋಡಿದ್ದೇ ತಡ, “ಇವರೂ ಮೈಲಾರ ಮಲ್ಲಣ್ಣನ ಒಕ್ಕಲೇನು?” ಅಂದುಬಿಟ್ಟರು. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆ ನೋಡಿದವರಿಗೆ ದೇವರ ಜೊತೆ ನಾಯಿ ಕಂಡರೆ ಬೇರೆ ಏನು ನೆನಪಾಗಬೇಕು ಹೇಳಿ? ಅಕ್ಕಾರು ಬಿದ್ದು ಬಿದ್ದು ನಕ್ಕು ಎಲ್ಲ ಸಿಸ್ಟರ್‌ಗಳಿಗೂ ಇಂಗ್ಲಿಷಿನಲ್ಲಿ ಅದನ್ನು ವಿವರಿಸಿದರು.

ಆ ಮನೆಯಲ್ಲಿ ಆಗ ಒಂಬತ್ತು ಜನ. ತೆಲುಗು, ಮಲಯಾಳ, ತಮಿಳು, ಕೊಂಕಣಿ... ಒಂದೇ ಅಡುಗೆಮನೆ! ಬೆಳಿಗ್ಗೆ ಐದಕ್ಕೆ ಮುಂಚೆ ಗಂಟೆ. ಧ್ಯಾನ, ಆಮೇಲೆ ಬೆಳಗಿನ ಪ್ರಾರ್ಥನೆ. ಎದುರು ಬದುರು ಎರಡು ಸಾಲಾಗಿ ನಿಂತು, ಈ ಸಾಲಿನವರು ಒಂದು ಚರಣ, ಆ ಸಾಲಿನವರು ಒಂದು ಚರಣ ಹೇಳುತ್ತ ಹೋಗುತ್ತಾರೆ. ಬೈಬಲಿನ ಕೀರ್ತನೆಗಳನ್ನು ನಾಲ್ಕು ವಾರಕ್ಕೆ ಹಂಚಿ ಇಟ್ಟಿರುತ್ತಾರೆ. ನಾಲ್ಕು ವಾರ ಮುಗಿದರೆ ಮತ್ತೆ ಮೊದಲಿನಿಂದ. ಬಲಿಪೂಜೆ ಮುಗಿಸಿ, ತಿಂಡಿ ತಿಂದು ಶಾಲೆಗೆ. ಸಂಜೆ ಬಂದು ಚಹಾ, ತೋಟಕ್ಕೆ ನೀರು, ಕಾಪಿ ಪುಸ್ತಕ ತಿದ್ದುವುದು. ಮತ್ತೆ ಪ್ರಾರ್ಥನೆ, ಜಪಸರ. ಊಟವಾದ ಮೇಲೆ ಮುಕ್ಕಾಲು ಗಂಟೆ ಹರಟೆ, ಕೇರಂ. ಮಲಗುವ ಮುನ್ನ ಕೊನೆಯ ಪ್ರಾರ್ಥನೆ, ಅದರ ತುದಿಗೆ ಮರಿಯಮ್ಮನ ಒಂದು ಹಾಡು. ಅಲ್ಲಿಂದ ಮಾರನೆಯ ಬೆಳಗಿನವರೆಗೆ ಮೌನ.

“ದಿನಾ ಅದೇ ಅದೇ ಬೇಜಾರಾಗೋದಿಲ್ವಾ?” ಅಂತ ಒಮ್ಮೆ ಕೇಳಿದ್ದೆ.

“ಬೇಜಾರು ಆಗ್ತದೆ ಮಾರಾಯ್ರೆ, ಯಾಕೆ ಆಗುವುದಿಲ್ಲ? ಆದರೆ ಬೇಜಾರಿನ ದಿನ ಪಕ್ಕದವರ ಸ್ವರ ನಮ್ಮನ್ನು ಎಳ್ಕೊಂಡು ಹೋಗ್ತದೆ. ಅವರಿಗೆ ಬೇಜಾರಾದ ದಿನ ನಾವು ಎಳ್ಕೊಂಡು ಹೋಗುವುದು. ಅದಕ್ಕೇ ಎರಡು ಸಾಲು.”

ಜಗಳವೂ ಆಗುತ್ತಿತ್ತು. ಸಾರಿಗೆ ತೆಂಗಿನೆಣ್ಣೆಯೋ ಕಡಲೆಕಾಯಿ ಎಣ್ಣೆಯೋ ಎಂಬುದೊಂದು ವರ್ಷಗಟ್ಟಲೆ ನಡೆದ ವ್ಯಾಜ್ಯ. ನನಗೆ ಹಿಡಿಸಿದ್ದು ಇನ್ನೊಂದು. ಇವತ್ತು ಮುಖ್ಯಸ್ಥೆಯಾಗಿ ತಲೆಯ ಕಡೆಯ ಕುರ್ಚಿಯಲ್ಲಿ ಕೂತವರು ಅವಧಿ ಮುಗಿದ ಮಾರನೆಯ ದಿನ ಎಲ್ಲರಂತೆ ತಟ್ಟೆ ತೊಳೆಯುತ್ತಿದ್ದರು. ಡೊಮಿನಿಕನ್ನರಲ್ಲಿ ಹಿರಿಯರನ್ನು ಮತ ಹಾಕಿ ಆರಿಸುವ, ಅವಧಿ ಮುಗಿದರೆ ಇಳಿಸುವ ಪದ್ಧತಿ ನೂರಾರು ವರ್ಷದ್ದು. ನಮ್ಮ ಕಾಲೋನಿಯ ಅಸೋಸಿಯೇಷನ್ನಿನವರಿಗೆ ಈ ಪದ್ಧತಿ ಯಾರಾದರೂ ಕಲಿಸಬಾರದೆ ಅನ್ನಿಸುತ್ತದೆ!

ಇನ್ನು ಹಬ್ಬ. ಸಂತ ಡೊಮಿನಿಕ್ ತೀರಿಕೊಂಡದ್ದು 1221ರ ಆಗಸ್ಟ್ 6ರಂದು. ಅವರ ಹಬ್ಬ ಈಗ ಆಗಸ್ಟ್ 8ಕ್ಕೆ. ಅದು ಮುಗಿದು ಒಂದು ತಿಂಗಳಿಗೆ, ಸೆಪ್ಟೆಂಬರ್ 8ಕ್ಕೆ, ಅಕ್ಕಾರ ಮುಖ ನೋಡಬೇಕು. ಕರಾವಳಿಯ ಕ್ರೈಸ್ತರಿಗೆ ಅದು ಮೊಂತಿ ಹಬ್ಬ, ಮರಿಯಮ್ಮ ಹುಟ್ಟಿದ ದಿನ. ಒಂಬತ್ತು ದಿನ ಮಕ್ಕಳು ಬಾಲಮರಿಯಳಿಗೆ ಹೂ ಅರ್ಪಿಸುತ್ತಾರೆ, ಹೊಸ ಭತ್ತದ ತೆನೆ ಇಗರ್ಜಿಯಲ್ಲಿ ಆಶೀರ್ವಾದವಾಗಿ ಮನೆಗೆ ಬರುತ್ತದೆ, ಅವತ್ತು ಮೀನಿಲ್ಲ, ಮಾಂಸವಿಲ್ಲ, ಬರೀ ತರಕಾರಿ ಊಟ. ಸಿಕಂದರಾಬಾದಿನಲ್ಲಿ ಭತ್ತದ ತೆನೆ ಎಲ್ಲಿಂದ ಬರಬೇಕು? ನಮ್ಮ ಹಾಲು ಮಾರುವವನು ಮೇಡಕ್ ಜಿಲ್ಲೆಯವನು. ಅವನಿಗೆ ಹೇಳಿಟ್ಟರೆ ಎಂಟನೆಯ ತಾರೀಖಿಗೆ ನಾಲ್ಕು ತೆನೆ ತಂದುಕೊಡುತ್ತಿದ್ದ. ಅದರ ಕಾಳು ಸುಲಿದು ಹಾಲಿನಲ್ಲಿ ಹಾಕಿ ಒಂಬತ್ತು ಜನರೂ ಕುಡಿಯುತ್ತಿದ್ದರು. ಒಂದು ಲೋಟ ನಮ್ಮ ಮನೆಗೂ ಬರುತ್ತಿತ್ತು. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡೇ ಕುಡಿದರು. “ಹೊಸಾ ಕಾಳಿಗೆ ಯಾ ಜಾತಿ?” ಅನ್ನೋರು.

ಅಕ್ಟೋಬರ್ ಜಪಸರದ ತಿಂಗಳು. 1571ರಲ್ಲಿ ಲೆಪಾಂಟೋ ಸಮುದ್ರಯುದ್ಧ ಗೆದ್ದ ನೆನಪಿಗೆ ಅಕ್ಟೋಬರ್ 7ರ ಹಬ್ಬ ಶುರು ಮಾಡಿದ ಪೋಪ್ ಐದನೆಯ ಪಯಸ್ ಕೂಡ ಡೊಮಿನಿಕನ್ನರೇ. ಹೆಚ್ಚಾಗಿ ಅದೇ ಹೊತ್ತಿಗೆ ಇಲ್ಲಿ ಬತುಕಮ್ಮ. ಹೊರಗೆ ಓಣಿಯ ಹೆಂಗಸರು ತಂಗೇಡು, ಗುನುಗು, ಚೆಂಡುಹೂಗಳ ಗೋಪುರ ಮಾಡಿ ನಡುವೆ ಇಟ್ಟು ಚಪ್ಪಾಳೆ ತಟ್ಟುತ್ತ ಸುತ್ತುತ್ತಾರೆ. ಒಳಗೆ ಸಿಸ್ಟರ್‌ಗಳ ಬೆರಳಲ್ಲಿ ಮಣಿ ಸುತ್ತುತ್ತದೆ. ತೆಲುಗಿನ ಹಿರಿಯ ಸಿಸ್ಟರ್ ಒಬ್ಬರು ಕಿಟಕಿಯಲ್ಲಿ ನಿಂತು ಬತುಕಮ್ಮನ ಹಾಡಿಗೆ ಸದ್ದಿಲ್ಲದೆ ತುಟಿ ಆಡಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ. ಕ್ರಿಸ್ಮಸ್ಸಿಗೆ ಕುಸ್ವಾರಿನ ತಟ್ಟೆ ಬರುತ್ತಿತ್ತು. ಅದರಲ್ಲಿನ ನೆವ್ರಿ ನಮ್ಮ ಕರ್ಜಿಕಾಯಿಯ ಖಾಸಾ ತಂಗಿ.

ಅಕ್ಕಾರು 1977ರಲ್ಲಿ ವ್ರತ ತೆಗೆದುಕೊಂಡವರು. 2002ರಲ್ಲಿ ಬೆಳ್ಳಿಹಬ್ಬ. ಆಗ ಅವರು ನಮ್ಮ ಅತ್ತೆಯನ್ನು ಮೊದಲ ಸಾಲಿನಲ್ಲೇ ಕೂರಿಸಿದರು. ಅವರ ಅಮ್ಮನಿಗೆ ಊರಿನಿಂದ ಬರುವಷ್ಟು ಆರೋಗ್ಯವಿರಲಿಲ್ಲ. ಊಟದ ಹೊತ್ತಿಗೆ ಅತ್ತೆ ಕೇಳಿಯೇಬಿಟ್ಟರು, “ಅಕ್ಕಾರ, ಮದಿವಿ ಬ್ಯಾಡ ಅಂದಾಗ ಮನ್ಯಾಗ ಏನಂದ್ರಿ?” ಅದಕ್ಕೆ ಅಕ್ಕಾರು ಸಿಯೆನಾದ ಸಂತ ಕ್ಯಾಥರೀನಳ ಕಥೆ ಹೇಳಿದರು. ಹದಿನಾಲ್ಕನೆಯ ಶತಮಾನದ ಇಟಲಿಯವಳು, ಡೊಮಿನಿಕನ್ ಪರಂಪರೆಯವಳೇ. ಮನೆಯವರು ಮದುವೆಗೆ ಒತ್ತಾಯ ಮಾಡಿದಾಗ ತನ್ನ ಚಂದದ ಕೂದಲನ್ನೇ ಕತ್ತರಿಸಿಕೊಂಡಳಂತೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಕಿ ಕೂದಲಾ ಕತ್ತರಿಸಿದಳು, ನಮ್ಮ ಅಕ್ಕಮಹಾದೇವಿ ಕೂದಲಾನ ಸೀರಿ ಮಾಡಿಕೊಂಡಳು. ಎರಡೂ ಒಂದ” ಅಂದರು. ಬಸವಕಲ್ಯಾಣದ ಮಣ್ಣು ನೋಡಿ, ಎಲ್ಲಿ ಹೋದರೂ ಮಾತಾಡುತ್ತದೆ.

2008ರ ಮಳೆಗಾಲದಲ್ಲಿ ಅಕ್ಕಾರ ಅಮ್ಮ ತೀರಿಕೊಂಡರು. ಸುದ್ದಿ ಬಂದದ್ದು ರಾತ್ರಿ. ಬಸ್ಸು, ರೈಲು ಹಿಡಿದು ಅವರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ವಾಪಸ್ ಬಂದ ಮೇಲೆ ಎಂದಿನಂತೆ ಶಾಲೆಗೆ ಹೋದರು, ತೋಟಕ್ಕೆ ನೀರು ಬಿಟ್ಟರು. ನಮ್ಮ ಮನೆಗೆ ಬಂದವರು ಅತ್ತೆಯ ಪಕ್ಕ ಕೂತು ಒಂದೇ ಮಾತು ಹೇಳಿದರು, “ಇನ್ನು ನನ್ನನ್ನು ಏಕವಚನದಲ್ಲಿ ಕರೆಯುವವರು ಯಾರೂ ಇಲ್ಲ.” ಅತ್ತೆ ಅವತ್ತಿನಿಂದ “ಅಕ್ಕಾರ, ಬರ್ರಿ” ಅನ್ನುವುದು ಬಿಟ್ಟು “ಬಾರವ್ವ” ಅನ್ನಲು ಶುರು ಮಾಡಿದರು. ನಾವ್ಯಾರೂ ಹೇಳಿಕೊಟ್ಟದ್ದಲ್ಲ.

ಡೊಮಿನಿಕನ್ನರ ಪಂಚಾಂಗದಲ್ಲಿ ಫೆಬ್ರವರಿ 7 ಒಂದು ವಿಶೇಷ ದಿನ. ಸಭೆಯಲ್ಲಿರುವವರ ತೀರಿಹೋದ ತಂದೆತಾಯಿಗಳಿಗೆಂದೇ ಆವತ್ತಿನ ಪ್ರಾರ್ಥನೆ. ಮಕ್ಕಳನ್ನು ಬಿಟ್ಟುಕೊಟ್ಟವರಲ್ಲವೆ, ಅವರ ಋಣ ಇಡೀ ಸಭೆಯದು ಎಂಬ ಲೆಕ್ಕ. ಮುಂದಿನ ವರ್ಷ ಆ ದಿನ ನಮ್ಮನ್ನೂ ಕರೆದರು. ಒಬ್ಬೊಬ್ಬರ ಅಪ್ಪ ಅಮ್ಮನ ಹೆಸರು ಓದುತ್ತ ಹೋದರು. ತೆಲುಗು ಹೆಸರು, ಮಲಯಾಳದ ಹೆಸರು, ನಾನು ಎಂದೂ ನೋಡದ ಊರುಗಳ ರೈತರು, ಮೀನುಗಾರರು, ಮೇಷ್ಟ್ರುಗಳು. ಒಂದು ಹೆಸರು ಓದಿದಾಗ ಒಂದು ಮೇಣದ ಬತ್ತಿ.

ನಮ್ಮ ಅತ್ತೆ ಹೋದದ್ದು 2014ರಲ್ಲಿ. ಮುಂದಿನ ಫೆಬ್ರವರಿ 7ಕ್ಕೆ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಪಟ್ಟಿಯ ಕೊನೆಗೆ ಅಕ್ಕಾರು ನಮ್ಮ ಅತ್ತೆಯ ಪೂರ್ತಿ ಹೆಸರು ಓದಿ, ಊರು “ಬೀದರ” ಅಂತ ಸೇರಿಸಿದರು. ಒಂದು ಬತ್ತಿ ಹಚ್ಚಿದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಬದುಕಿದ ಹೆಂಗಸಿನ ಹೆಸರು ಆ ಪಟ್ಟಿಯಲ್ಲಿ ಹೇಗೆ ಅಂತ ಅಲ್ಲಿ ಯಾರೂ ಕೇಳಲಿಲ್ಲ.

2019ರಲ್ಲಿ ಅಕ್ಕಾರಿಗೆ ವರ್ಗಾವಣೆಯ ಕಾಗದ ಬಂತು. ಅವರಿಗೆ ಅರವತ್ತು ದಾಟಿತ್ತು. ಹಳೆಯ ಡೊಮಿನಿಕನ್ ಸೂತ್ರದಲ್ಲಿ ವ್ರತ ತೆಗೆದುಕೊಳ್ಳುವಾಗ ಬಾಯಿಬಿಟ್ಟು ಹೇಳುವುದು ವಿಧೇಯತೆ ಒಂದನ್ನೇ ಅಂತೆ, ಉಳಿದದ್ದೆಲ್ಲ ಅದರೊಳಗೇ ಬಂತು ಅಂತ ಅರ್ಥ. “ಹೋಗಲೇಬೇಕಾ? ಒಂದು ಮಾತು ಹೇಳಿ ನೋಡಬಾರದಾ?” ಅಂದೆ. ಅವರು ನಗಲಿಲ್ಲ. “ಹೇಳಿದೆ. ಕೇಳಿಸಿಕೊಂಡರು. ಆದರೂ ಹೋಗಬೇಕು. ಎರಡು ದಿನ ಅತ್ತೆ ನಾನು” ಅಂದರು. ಅಷ್ಟು ನೇರವಾಗಿ ಹೇಳಿದ್ದು ನನಗೆ ಇಷ್ಟವಾಯಿತು. ಅವರ ಸಭೆಯ ಧ್ಯೇಯವಾಕ್ಯವೂ ಒಂದೇ ಪದ, ‘ಸತ್ಯ’.

ಮೂವತ್ತೆರಡು ವರ್ಷದಲ್ಲಿ ನಾವು ಎರಡು ಕಪಾಟು, ಒಂದು ಅಟ್ಟ, ಒಂದು ಫ್ಲಾಟು ತುಂಬಿಸಿದ್ದೆವು. ಅವರು ಹೊರಟದ್ದು ಒಂದು ಸೂಟ್‌ಕೇಸ್, ಒಂದು ಕೈಚೀಲದಲ್ಲಿ. ಕೈಚೀಲದಲ್ಲಿ ನಮ್ಮ ಅತ್ತೆ ಹೊಲಿದುಕೊಟ್ಟ ಕೌದಿಯ ತುಂಡೊಂದು ಇಣುಕುತ್ತಿತ್ತು.

ಈಗ ಆ ಮನೆಯಲ್ಲಿ ಐವರೇ ಇದ್ದಾರೆ. ಕನ್ನಡದವರು ಯಾರೂ ಇಲ್ಲ. ಅಕ್ಕಾರು ಕರ್ನಾಟಕದ ಒಂದು ಊರಿನಲ್ಲಿದ್ದಾರೆ, ವಾಟ್ಸಾಪಿನಲ್ಲಿ ಸಿಗುತ್ತಾರೆ, ಕಾಗುಣಿತ ತಪ್ಪಿದರೆ ಇಂದಿಗೂ ತಿದ್ದುತ್ತಾರೆ.

ಮನೆ ಬಿಟ್ಟು ಹೋದವರು ಅಂತ ನಾವು ಅವರನ್ನು ಸುಲಭವಾಗಿ ಅಂದುಬಿಡುತ್ತೇವೆ. ಬಿಟ್ಟು ಬಂದವರು ನಾವೂ ಅಲ್ಲವೆ? ವ್ಯತ್ಯಾಸ ಇಷ್ಟೇ, ಅವರು ಒಬ್ಬರು ಬಿಟ್ಟು ಬಂದದ್ದನ್ನು ಇನ್ನೊಬ್ಬರು ನೆನಪಿಡಲು ಪಂಚಾಂಗದಲ್ಲೇ ಜಾಗ ಮಾಡಿಟ್ಟಿದ್ದಾರೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಲವತ್ತು ಮನೆ. ಪಕ್ಕದ ಮನೆಯವರ ತಾಯಿಯ ಹೆಸರು ನನಗೆ ಗೊತ್ತಿರಲಿಲ್ಲ, ನನ್ನ ತಾಯಿಯ ಹೆಸರು ಅವರಿಗೂ. ಕಳೆದ ಫೆಬ್ರವರಿಯಲ್ಲಿ ನಮ್ಮ ಕನ್ನಡದ ಹೆಂಗಸರ ಗುಂಪು, ಹನ್ನೊಂದು ಜನ, ನಮ್ಮನೆಯಲ್ಲಿ ಸೇರಿದಾಗ ಒಂದು ನೋಟ್‌ಬುಕ್ ಇಟ್ಟೆ. ಎಲ್ಲರೂ ತಂತಮ್ಮ ಅಪ್ಪ ಅಮ್ಮ, ಅತ್ತೆ ಮಾವನ ಹೆಸರು, ಊರು ಬರೆದರು. ಗಟ್ಟಿಯಾಗಿ ಓದಿದೆವು. ಆಮೇಲೆ ಉಪ್ಪಿಟ್ಟು, ಚಹಾ. ಇಬ್ಬರು ಅತ್ತರು, ಒಬ್ಬರು ಅತ್ತೆಯ ಹೆಸರು ಬರೆಯುವುದಿಲ್ಲ ಅಂತ ಹಟ ಹಿಡಿದು ಕೊನೆಗೆ ಬರೆದರು!

ನಿಮ್ಮ ಪಕ್ಕದ ಮನೆಯವರ ಅಮ್ಮನ ಹೆಸರು ನಿಮಗೆ ಗೊತ್ತಾ? ಒಮ್ಮೆ ಕೇಳಿ ನೋಡಿ.