ಅಳಿಸುವ ಮುನ್ನ

ಕಳೆದ ಚಳಿಗಾಲದಲ್ಲಿ ನಾವು ಹುಬ್ಬಳ್ಳಿಯಿಂದ ಹಳೆಯ ಗಣಕಯಂತ್ರವೊಂದನ್ನು ಕೊಂಡು ತಂದೆವು. ಹತ್ತು ಹನ್ನೆರಡು ವರ್ಷ ಬೇರೆಯವರ ಮನೆಯಲ್ಲಿ ದುಡಿದು ದಣಿದ ಯಂತ್ರವದು. ಗುಂಡಿ ಒತ್ತಿದ ಮೇಲೆ ಅದು ಎಚ್ಚರಗೊಳ್ಳುವುದರೊಳಗೆ ನಮ್ಮ ಲಿಂಗಪೂಜೆಯೇ ಮುಗಿಯುತ್ತಿತ್ತು. ಒಳಗಿನ ವ್ಯವಸ್ಥೆಯನ್ನು ತೆಗೆದು ಹೊಸದನ್ನು ಸ್ಥಾಪಿಸಬೇಕೆಂದು ಡಿಪ್ಲೊಮಾ ಓದುತ್ತಿರುವ ನೆರೆಮನೆಯ ಹುಡುಗಿ ಹೇಳಿದಳು. "ಅರ್ಧ ತಾಸಿನ ಕೆಲಸರೀ ಅಜ್ಜಾರ" ಎಂಬುದು ಅವಳ ಮಾತು. ಆ ಅರ್ಧ ತಾಸಿನ ಕೆಲಸಕ್ಕೆ ನಾವು ಹದಿನೈದು ದಿನ ತೆಗೆದುಕೊಂಡೆವು. ಏಕೆಂಬುದನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳಬೇಕಾಗಿದೆ.

ಗಣಕಯಂತ್ರದ ಲೋಹದ ಭಾಗಗಳು ಕಾಯವಾದರೆ, ಆಪರೇಟಿಂಗ್ ಸಿಸ್ಟಂ ಎಂಬುದು ಅದನ್ನು ನಡೆಸುವ ಚೈತನ್ಯ. ಕೀಲಿಮಣೆಯ ಅಕ್ಷರ ತೆರೆಗೆ ಬರುವುದೂ, ಬರೆದದ್ದು ಉಳಿಯುವುದೂ ಅದರಿಂದಲೇ. ನಮ್ಮ ಯಂತ್ರದಲ್ಲಿದ್ದುದು ವಿಂಡೋಸ್ 10. ಅದಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. 2021ರಲ್ಲಿ ಬಂದ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಅಂಗವನ್ನೂ ಹೊಸ ಪೀಳಿಗೆಯ ಪ್ರೊಸೆಸರನ್ನೂ ಬೇಡುತ್ತದೆ. ನಮ್ಮ ಮುದಿ ಯಂತ್ರದಲ್ಲಿ ಅವೆರಡೂ ಇಲ್ಲ. ಆದ್ದರಿಂದ ಲಿನಕ್ಸ್ ಮಿಂಟ್ ಹಾಕುವುದೆಂದು ನಿಶ್ಚಯವಾಯಿತು. ಅದಕ್ಕೆ 2 ಜಿಬಿ ಸ್ಮೃತಿಯೂ 20 ಜಿಬಿ ಸ್ಥಳವೂ ಇದ್ದರೆ ನಡೆಯುತ್ತದೆ. ಲಿನಕ್ಸ್‌ನ ತಿರುಳನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದು ಲೋಕಕ್ಕೆ ತೆರೆದಿಟ್ಟರು. ಅಂದಿನಿಂದ ಸಾವಿರಾರು ಜನ ಅದನ್ನು ತಿದ್ದಿ ಬೆಳೆಸಿದ್ದಾರೆ. ಬೇಕಾದವರು ಹಣ ಕೊಡದೆ ಪಡೆಯಬಹುದು, ಪರರಿಗೂ ಹಂಚಬಹುದು. ಕಾಯಕದ ಫಲವನ್ನು ದಾಸೋಹಕ್ಕೆ ಸಲ್ಲಿಸುವ ಪರಂಪರೆಯಲ್ಲಿ ಬೆಳೆದ ನಮಗೆ ಇದು ಪರಕೀಯವೆನಿಸಲಿಲ್ಲ.

ಆದರೂ ನಮ್ಮ ಕೈ ಹಿಂಜರಿಯಿತು. ಅದಕ್ಕೆ 2009ರ ಒಂದು ಪ್ರಸಂಗ ಕಾರಣ.

ಆಗ ನಾವು ವಚನದ ತಾಡೋಲೆ ಪ್ರತಿಗಳ ಪಾಠಾಂತರಗಳನ್ನು ಆರು ವರ್ಷ ಕುಳಿತು ಯಂತ್ರದಲ್ಲಿ ಸಂಗ್ರಹಿಸಿದ್ದೆವು. ಅವುಗಳಲ್ಲಿ ಒಂದು ಕಟ್ಟು ಹಳ್ಳಿಯೊಂದರ ವೃದ್ಧ ತಾಯಿಯ ಮನೆಯದು. ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಅದನ್ನು ನಮ್ಮ ಮೇಲಿನ ನಂಬಿಕೆಯಿಂದ ಕೊಟ್ಟಿದ್ದರು. ನಕಲು ಮಾಡಿಕೊಂಡು ಮರಳಿಸಿದೆವು. ಮುಂದೆ ಯಂತ್ರಕ್ಕೆ ವೈರಸ್ ತಗುಲಿ, ರಿಪೇರಿಯ ಹುಡುಗ ಬಂದನು. "ಫಾರ್ಮ್ಯಾಟ್ ಮಾಡ್ಲೇನ್ರಿ?" ಎಂದು ಕೇಳಿದನು. ಆ ಶಬ್ದದ ಅರ್ಥ ನಮಗೆ ತಿಳಿದಿರಲಿಲ್ಲ. ಪಕ್ಕದಲ್ಲಿ ಇಬ್ಬರು ವಿದ್ವಾಂಸ ಮಿತ್ರರು ಕುಳಿತಿದ್ದರು. ಅವರೆದುರಿಗೆ ತಿಳಿಯದೆನ್ನಲು ನಾಲಗೆ ಏಳಲಿಲ್ಲ. "ಮಾಡಪ್ಪ" ಎಂದೆವು. ಸಂಜೆಯ ಹೊತ್ತಿಗೆ ಯಂತ್ರ ಶುಚಿಯಾಗಿತ್ತು. ಆರು ವರ್ಷದ ಕೆಲಸವೂ ಹೋಗಿತ್ತು. ಹುಡುಗನದೇನೂ ತಪ್ಪಿಲ್ಲ, ಅವನು ಕೇಳಿಯೇ ಮಾಡಿದನು.

ಉಳಿದ ಪ್ರತಿಗಳನ್ನು ಮತ್ತೆ ನೋಡಲು ಸಾಧ್ಯವಾಯಿತು. ಆ ತಾಯಿಯ ಮನೆಗೆ ಹೋಗಲು ಸಂಕೋಚಪಟ್ಟು ಎರಡು ವರ್ಷ ಮುಂದೂಡಿದೆವು. ಹೋದಾಗ ಮಳೆಗೆ ಮಾಳಿಗೆ ಸೋರಿ, ಗೆದ್ದಲು ಹಿಡಿದು ಕಟ್ಟು ಮಣ್ಣಾಗಿತ್ತು. ಅವರು ಮಾತ್ರ ಸಮಾಧಾನದಿಂದಿದ್ದರು. "ಹೋಗ್ಲಿ ಬಿಡ್ರಿ ಶಾಸ್ತ್ರಿಗಳ, ನಿಮ್ಮ ಕಡೆ ನಕಲೈತಲ್ಲ, ಅಷ್ಟ ಸಾಕು" ಎಂದು ಪ್ರಸಾದಕ್ಕೆ ಎಬ್ಬಿಸಿದರು. ನಾವು ಏನೂ ಹೇಳದೆ ಪ್ರಸಾದ ಸ್ವೀಕರಿಸಿ ಬಂದೆವು. ಮರುವರ್ಷ ಅವರು ಲಿಂಗೈಕ್ಯರಾದರು. ಸತ್ಯವನ್ನು ನುಡಿಯುವುದೇ ಧರ್ಮವೆಂದು ವೇದಿಕೆಗಳಲ್ಲಿ ಪ್ರವಚನ ಮಾಡುವಾಗಲೆಲ್ಲ ಆ ಊಟದ ತುತ್ತು ನೆನಪಾಗುತ್ತದೆ.

ಆದುದರಿಂದ ಈ ಸಲ ಮೊದಲು ಹಳೆಯದನ್ನೆಲ್ಲ ತೆರೆದು ನೋಡಲು ಹುಡುಗಿಗೆ ಹೇಳಿದೆವು. "ಅಜ್ಜಾರ, ಇದರಾಗ ಯಾರದೋ ಫೋಟೋ ಅದಾವ್ರಿ" ಎಂದಳು. ತೊಟ್ಟಿಲ ಕಾರ್ಯ, ಮದುವೆ, ಮನೆಯ ಹಿರಿಯರೊಬ್ಬರ ಚಿತ್ರಗಳು ನೂರಾರು ಇದ್ದವು. ಪರರ ಮನೆಯ ಚಿತ್ರಗಳನ್ನು ನೋಡುವುದು ಸಲ್ಲದೆಂದು ಮುಚ್ಚಿಸಿದೆವು. ಕೇಳದೆ ಅಳಿಸುವುದೂ ಸಲ್ಲದೆನಿಸಿತು. ಅಂಗಡಿಯವರ ಮೂಲಕ ಹಿಂದಿನ ಒಡೆಯರನ್ನು ಪತ್ತೆಹಚ್ಚಲು ಒಂದು ವಾರ ಹಿಡಿಯಿತು. ಅವರು ಪೆನ್‌ಡ್ರೈವ್ ಹಿಡಿದು ಬಸ್ಸಿನಲ್ಲಿ ಬಂದರು. ಎಲ್ಲವನ್ನೂ ಅಳಿಸಿಯೇ ಮಾರಿದ್ದೇನೆಂದು ಅವರು ತಿಳಿದಿದ್ದರಂತೆ. ಚಿತ್ರಗಳು ಬೇರೊಂದು ಮೂಲೆಯಲ್ಲಿ ಉಳಿದಿದ್ದವು. ತೀರಿಹೋದ ತಂದೆಯ ಚಿತ್ರಗಳು ಬೇರೆಲ್ಲಿಯೂ ಇಲ್ಲವೆಂದು ಹೇಳಿ ಬಹಳ ಹೊತ್ತು ಮೌನವಾಗಿ ಕುಳಿತರು.

ಇಲ್ಲಿ ಕುಟುಂಬದವರು ಅರಿಯಬೇಕಾದ ಸಂಗತಿಯೊಂದಿದೆ. ಹಾರ್ಡ್‌ಡಿಸ್ಕಿನಲ್ಲಿ ಒಂದು ಕಡತವನ್ನು ಅಳಿಸಿದೆವೆಂದರೆ ಗ್ರಂಥದ ಪರಿವಿಡಿಯಿಂದ ಒಂದು ಸಾಲು ಹೊಡೆದುಹಾಕಿದಂತೆ; ಪುಟಗಳು ಒಳಗೇ ಇರುತ್ತವೆ. ಅವುಗಳ ಮೇಲೆ ಬೇರೆ ಬರಹ ಬೀಳುವವರೆಗೆ ಬಲ್ಲವರು ಓದಬಲ್ಲರು. ಯಂತ್ರವನ್ನು ಮಾರುವವರು ಬೇಕಾದುದನ್ನು ಮೊದಲು ನಕಲಿಸಿಕೊಂಡು, ಆಮೇಲೆ ಡಿಸ್ಕಿನ ಮೇಲೆಲ್ಲ ಹೊಸದಾಗಿ ಬರೆಯಿಸಿ ಕೊಡುವುದು ಲೇಸು.

ಮುಂದಿನ ಕೆಲಸ ಸರಳ. 8 ಜಿಬಿಯ ಪೆನ್‌ಡ್ರೈವಿಗೆ ಹೊಸ ವ್ಯವಸ್ಥೆಯನ್ನು ಇಳಿಸಿ, ಅದರಿಂದಲೇ ಯಂತ್ರವನ್ನು ಎಬ್ಬಿಸಬೇಕು. ಏನನ್ನೂ ಅಳಿಸದೆ ಪೆನ್‌ಡ್ರೈವಿನಿಂದಲೇ ನಡೆಸಿ, ತೆರೆ, ಧ್ವನಿ, ಕೀಲಿಮಣೆಗಳು ಹೊಂದುತ್ತವೆಯೇ ಎಂದು ಪರೀಕ್ಷಿಸಬಹುದು. ಅನಂತರ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಸ್ಥಾಪಿಸಲೇ ಎಂಬ ಪ್ರಶ್ನೆ ಬರುತ್ತದೆ. ಹುಡುಗಿ ನಮ್ಮ ಮುಖ ನೋಡಿದಳು. "ತಡಿ ತಂಗಿ" ಎಂದೆವು. ನಕಲಾದ ಕಡತಗಳನ್ನು ಅವಳ ಯಂತ್ರದಲ್ಲಿ ಒಂದೊಂದಾಗಿ ತೆರೆಸಿ ನೋಡಿದ ಮೇಲೆಯೇ ಒಪ್ಪಿಗೆ ಕೊಟ್ಟೆವು. ಅವಳು ಹೇಳಿದಂತೆ ಅರ್ಧ ತಾಸೇ ಹಿಡಿಯಿತು. ಕನ್ನಡಕ್ಕೆ ಕಗಪ ಕೀಲಿ ವಿನ್ಯಾಸವೂ ಅದರಲ್ಲಿಯೇ ಇತ್ತು. ನುಡಿಯ ಹಳೆಯ ಅಕ್ಷರಗಳಲ್ಲಿದ್ದ ನಮ್ಮ ಬರಹಗಳು ಮಾತ್ರ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಂಡವು. ಯೂನಿಕೋಡಿಗೆ ಪರಿವರ್ತಿಸಿದಾಗ ಮತ್ತೆ ಕನ್ನಡವಾದವು.

ಕಲ್ಯಾಣದ ವಿಪ್ಲವದಲ್ಲಿ ಶರಣರು ಮನೆಮಠ ತೊರೆದರೂ ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂದು ನಮ್ಮ ಪರಂಪರೆ ನಂಬುತ್ತದೆ. ಮುಂದೆ ಫ.ಗು. ಹಳಕಟ್ಟಿಯವರು ಊರೂರು ಅಲೆದು ಆ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಓಲೆ ಜೀರ್ಣವಾದಾಗ ಹೊಸ ಓಲೆಗೆ, ಓಲೆಯಿಂದ ಕಾಗದಕ್ಕೆ, ಕಾಗದದಿಂದ ಯಂತ್ರಕ್ಕೆ ಸಾಹಿತ್ಯ ದಾಟುತ್ತ ಬಂದಿದೆ. ದಾಟಿಸುವವನು ಎಚ್ಚರ ತಪ್ಪಿದರೆ ನೂರಾರು ವರ್ಷದ ಪಯಣ ಒಂದು ಸಂಜೆಯಲ್ಲಿ ಮುಗಿಯುತ್ತದೆ. ತಿಳಿಯದೆಂದು ಹೇಳುವ ಒಂದು ಮಾತು ಅಂದು ನಮ್ಮ ಬಾಯಿಂದ ಬಂದಿದ್ದರೆ ಆ ಕಟ್ಟು ಇಂದು ಉಳಿದಿರುತ್ತಿತ್ತು. ಮನೆಯಲ್ಲಿ ಹಿರಿಯರ ಓಲೆ, ವಹಿ, ಚಿತ್ರಗಳಿರುವವರು ಅವುಗಳ ನಕಲನ್ನು ಎರಡು ಕಡೆಯಾದರೂ ಇಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಹೊಸ ವ್ಯವಸ್ಥೆಯಲ್ಲಿ ನಾವು ಬರೆದ ಮೊದಲ ಕಡತ ಒಂದು ಪತ್ರ. ಆ ತಾಯಿಯ ಮಗನಿಗೆ ಬರೆದದ್ದು. ನಕಲು ನಮ್ಮಲ್ಲಿ ಇಲ್ಲ, ಇಲ್ಲವೆಂದು ಅವರ ತಾಯಿಗೆ ಹೇಳುವ ಧೈರ್ಯವೂ ಅಂದು ನಮಗಿರಲಿಲ್ಲ ಎಂದಷ್ಟೇ ಅದರಲ್ಲಿದೆ. ಮುದ್ರಿಸಿ ಅಂಚೆಗೆ ಹಾಕಿದ್ದೇವೆ. ಉತ್ತರ ಹೇಗೆ ಬಂದರೂ ಅದನ್ನು ಪ್ರಸಾದವೆಂದೇ ಸ್ವೀಕರಿಸುತ್ತೇವೆ.

ಶರಣು ಶರಣಾರ್ಥಿ.