ಗೊಡಚಿನಮಲ್ಕಿಯ ಧಬಧಬೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಯವರು ಹೊಳೆಯನ್ನು ಕಾಣದವರಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆಯರು ಅವರ ಕರಿನೆಲದಲ್ಲಿ ಗಂಭೀರವಾಗಿ ಹರಿಯುತ್ತಾರೆ. ಆದರೆ ಹೊಳೆ ಧುಮುಕುವುದನ್ನು ಕಾಣಬೇಕಾದರೆ ಗೋಕಾವಿಗೇ ಹೋಗಬೇಕು. ಅಲ್ಲಿ ಘಟಪ್ರಭೆ 52 ಮೀಟರ್ ಆಳಕ್ಕೆ ಬೀಳುತ್ತದೆ. 1887ರಷ್ಟು ಹಿಂದೆಯೇ ಆ ನೀರಿನ ಬಲದಿಂದ ನೂಲಿನ ಗಿರಣಿ ತಿರುಗಿತು. ಅದರ ಕೀರ್ತಿಯ ನೆರಳಿನಲ್ಲಿ ಅದೇ ತಾಲೂಕಿನ ಇನ್ನೊಂದು ಧಬಧಬೆ ಮರೆಯಾಗಿ ಉಳಿದಿದೆ. ಅದು ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ.

ರಾಯಬಾಗ, ಚಿಕ್ಕೋಡಿ ರೋಡ್, ಘಟಪ್ರಭಾ ನಿಲ್ದಾಣಗಳನ್ನು ದಾಟಿ ರೈಲು ಪಾಶ್ಚಾಪುರದ ಕಡೆಗೆ ಸಾಗಿದಂತೆ ನೆಲದ ರೂಪವೇ ಬೇರೆಯಾಗುತ್ತದೆ. ಕಬ್ಬಿನ ಹಸುರು ಹಿಂದೆ ಸರಿದು, ಪದರಪದರವಾಗಿ ಒಡ್ಡಿನಿಂತ ಮರಳುಗಲ್ಲಿನ ಗುಡ್ಡಗಳು ಎದುರಾಗುತ್ತವೆ. ಹಳ್ಳಿಯಿಂದ ಮುಂದೆ ಕುರುಚಲು ಕಾಡಿನ ಕಾಲುದಾರಿ. ಧಬಧಬೆ ಕಣ್ಣಿಗೆ ಬೀಳುವ ಮೊದಲೇ ಅದರ ಮೊರೆತ ಕಿವಿಯನ್ನು ತುಂಬುತ್ತದೆ.

ಪಶ್ಚಿಮದ ಬೆಟ್ಟಗಳಲ್ಲಿ ಹುಟ್ಟಿ ಬಂದ ಮಾರ್ಕಂಡೇಯ ಇಲ್ಲಿ ಸುಮಾರು 25 ಮೀಟರ್ ಕೆಳಗೆ, ಬಂಡೆಗಳ ಕಣಿವೆಗೆ ಹಾರುತ್ತದೆ. ಕಣಿವೆಯಲ್ಲಿ ತುಸು ದೂರ ಸುಧಾರಿಸಿಕೊಂಡು ಮತ್ತೊಮ್ಮೆ ಧುಮುಕುತ್ತದೆ. ಮಳೆಗಾಲದಲ್ಲಿ ನೀರು ಕೆಮ್ಮಣ್ಣಿನ ಬಣ್ಣದ್ದು. ಮಳೆ ತಗ್ಗಿದ ಮೇಲೆ ಅದೇ ನೀರು ತಿಳಿಯಾಗಿ, ಬೆಳ್ಳಿಯ ಎಳೆಗಳಾಗಿ ಕಲ್ಲಿನ ಮೆಟ್ಟಿಲುಗಳ ಮೇಲೆ ಇಳಿಯುತ್ತದೆ. ಬೇಸಗೆಯಲ್ಲಿ ಬಂದವರಿಗೆ ಬಹುತೇಕ ಬರಿಯ ಬಂಡೆಯ ದರ್ಶನ. ಆದುದರಿಂದ ಶ್ರಾವಣದಿಂದ ದಸರೆಯವರೆಗಿನ ದಿನಗಳೇ ಯಾತ್ರಿಕನಿಗೆ ಮೇಲು. ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಜೊತೆಗಿರಲಿ. ಕಣಿವೆಯಲ್ಲಿ ಅಂಗಡಿಯನ್ನು ನೆಚ್ಚಿ ಹೋಗಬಾರದು.

ಚೆಲುವಿಗೆ ಮರುಳಾಗಿ ಅಂಚಿಗೆ ಹೋಗುವುದಂತೂ ಸಲ್ಲದು. ಪಾಚಿ ಹಿಡಿದ ಬಂಡೆ ಕಾಲಿಗೆ ಆಸರೆ ಕೊಡದು. ಮೇಲ್ಗಡೆ ಬಿದ್ದ ಮಳೆಯ ಸುದ್ದಿಯನ್ನು ನದಿ ಮುಂಚಿತವಾಗಿ ಹೇಳಿ ಕಳಿಸದು. ಇಲ್ಲಿ ಬಿಸಿಲಿರುವಾಗಲೇ ನೀರು ಏರಬಹುದು. ಈ ಧಬಧಬೆಯನ್ನು ಇಳಿದ ನೀರೇ ಗೋಕಾವಿಯ ಬಳಿ ಘಟಪ್ರಭೆಯನ್ನು ಕೂಡುತ್ತದೆ. 2019ರ ಆಗಸ್ಟಿನಲ್ಲಿ ಎರಡು ಹೊಳೆಗಳೂ ಒಟ್ಟಿಗೆ ಉಕ್ಕಿದಾಗ ಗೋಕಾವಿ ಪಟ್ಟಣದ ಮನೆ, ಅಂಗಡಿ, ಓಣಿಗಳು ನೀರಿನಲ್ಲಿ ನಿಂತವು. ಕಣಿವೆಯಲ್ಲಿ ನಿಂತವನಿಗೆ ಹಬ್ಬವಾಗಿ ಕಾಣುವ ಮೊರೆತ, ಹೊಳೆದಂಡೆಯಲ್ಲಿ ಬದುಕುವವನಿಗೆ ನಿದ್ದೆಗೆಡಿಸುವ ಸದ್ದು.

ಇದನ್ನು ನೆನೆದು ನೋಡಿದರೆ ಗೊಡಚಿನಮಲ್ಕಿಯ ಸೊಬಗು ಕುಂದುವುದಿಲ್ಲ. ಅದರ ಮುಂದೆ ನಿಂತವನ ದನಿ ಮಾತ್ರ ತಾನಾಗಿ ತಗ್ಗುತ್ತದೆ. ಬಿಡುವಿರುವವರು ಒಂದು ಹಗಲನ್ನು ಅದಕ್ಕಾಗಿ ಮೀಸಲಿಡಲಿ. ಬೆಳಗ್ಗೆ ಬೇಗ ಹೊರಡಲಿ, ಹೊತ್ತು ಮುಳುಗುವ ಮೊದಲೇ ಕಾಡುದಾರಿಯನ್ನು ದಾಟಿ ಬರಲಿ.